ಕುಶಾಲಪ್ಪಣ್ಣನ ಓರೆ ದೀಪಗಳು

ವೇಣೂರಿನ ಕುಶಾಲಪ್ಪಣ್ಣ ಇಪ್ಪತ್ತಾರು ವರ್ಷ ಏಣಿ ಹೊತ್ತು ಊರಿನ ಬೀದಿದೀಪಗಳನ್ನು ಕಟ್ಟಿದವರು. ನನ್ನ ಎರಡು ವರ್ಷದ ಕೆಲಸವನ್ನು ಕೆಡಿಸಿದವರೂ ಅವರೇ, ಉಳಿಸಿದವರೂ ಅವರೇ.

ನಾನು ಜಸ್ನಾ, ಮೂಡುಬಿದಿರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಟೀಚರ್. ಊರಿನ ದೀಪಗಳು ರಾತ್ರಿಯ ಆಕಾಶವನ್ನು ಎಷ್ಟು ಬೆಳಗಿಸುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಪಿಎಚ್‌ಡಿ. ಆಮೇಲೆ ಮೀಟರಿನಿಂದ ಆಕಾಶವನ್ನೇ ಅಳೆದು ತಾಳೆ ನೋಡಬೇಕು. ವಿಟ್ಲದ ಲೆಕ್ಕ ತಾಳೆಯಾಯಿತು, ಬೆಳುವಾಯಿಯದೂ ಆಯಿತು. ವೇಣೂರು ಮಾತ್ರ ನನ್ನ ಮಾನ ತೆಗೆಯಿತು. ಅಲ್ಲಿನ ಆಕಾಶ ಲೆಕ್ಕಕ್ಕಿಂತ ಎರಡು ಪಟ್ಟು ಬೆಳ್ಳಗಿತ್ತು.

"ನಿಮ್ಮ ಮೀಟರ್ ಹಾಳಾಗಿದೆ. ವೇಣೂರನ್ನು ಬಿಟ್ಟುಬಿಡಿ, ಇಲ್ಲದಿದ್ದರೆ ನಾನು ಸಹಿ ಹಾಕುವುದಿಲ್ಲ" ಎಂದರು ನನ್ನ ಗೈಡ್ ನಿಝಾರ್ ಸರ್.

ಮೈಯೆಲ್ಲ ಉರಿಯಿತು. ಮೂರು ಸಲ ಅಳೆದವಳು ನಾನು, ಬಿಡುತ್ತೇನಾ? ಭಾನುವಾರ ಹಾಡಹಗಲೇ ವೇಣೂರಿನಲ್ಲಿ ಬಸ್ಸಿಳಿದು ಕಂಬ ಕಂಬಕ್ಕೂ ಕತ್ತೆತ್ತಿ ನೋಡುತ್ತ ನಡೆದೆ. ನಾನು ಲೆಕ್ಕಕ್ಕೆ ಹಿಡಿದ ಪಂಚಾಯತಿನ ಪಟ್ಟಿಯಲ್ಲಿ ದೀಪಗಳೆಲ್ಲ ರಸ್ತೆಗೆ ಮುಖ ಮಾಡಿದ್ದವು. ಕಂಬದಲ್ಲಿ ನೋಡಿದರೆ ಗುಡ್ಡದ ಕಡೆ ಮೇಲಕ್ಕೆ ಮುಖ! ಅರ್ಧ ಬೆಳಕು ಆಕಾಶದ ಪಾಲು.

"ಯಾವ ತಲೆಕೆಟ್ಟವ ಇದನ್ನು ಕಟ್ಟಿದ್ದು?" ಎಂದು ಗಟ್ಟಿಯಾಗಿಯೇ ಕೇಳಿದೆ.

"ನಾನೇ. ಎಂಥ ಆಯ್ತೀಗ?" ಗೂಡಂಗಡಿಯಲ್ಲಿ ಚಾ ಕುಡಿಯುತ್ತಿದ್ದ ಕುಶಾಲಪ್ಪಣ್ಣ ಎದ್ದು ಬಂದರು. ಎಳ್ಳಷ್ಟೂ ನಾಚಿಕೆಯಿಲ್ಲ!

ವಿಷಯ ಹೇಳಿದೆ. ಅವರು ನನ್ನನ್ನು ಕಡಿದಾದ ಕಲ್ಲಿನ ಮೆಟ್ಟಿಲು ಹತ್ತಿಸಿದರು. ಮೇಲಿನ ಜಗಲಿಯಲ್ಲಿ ಐಸಮ್ಮ ಎಂಬ ಮುದುಕಿ ಬೀಡಿ ಕಟ್ಟುತ್ತಿದ್ದರು.

"ನಮ್ಮಲ್ಲಿ ರಸ್ತೆ ಬದಿಗೆ ಯಾರ ಮನೆ ಉಂಟು ಟೀಚರೇ? ಎಲ್ಲ ಗುಡ್ಡದ ಮೇಲೆ. ಈ ಐಸಮ್ಮ ಕತ್ತಲೆಗೆ ಈ ಮೆಟ್ಟಿಲಿಂದ ಬಿದ್ದು ಸೊಂಟ ಮುರಿದುಕೊಂಡರು. ಮಾರನೇ ದಿನವೇ ಲೈಟ್ ಎತ್ತಿ ಕಟ್ಟಿದೆ. ಮತ್ತೆ ಎಲ್ಲ ಮನೆಯವರೂ ಕೇಳಿದರು, ಕೊಟ್ಟೆ" ಎಂದರು ಕುಶಾಲಪ್ಪಣ್ಣ.

"ನಕ್ಷತ್ರ ಕಾಣುವುದಿಲ್ಲ ಕುಶಾಲಪ್ಪಣ್ಣ. ನೇರ ಮಾಡಿ."

"ಆಗುವುದಿಲ್ಲ. ಮೊದಲು ಮೆಟ್ಟಿಲಿಗೆ ಒಂದೊಂದು ಸಣ್ಣ ಲೈಟ್ ಹಾಕಿಸಿ. ಮತ್ತೆ ಏಣಿ ಹೊತ್ತುಕೊಂಡು ನಾನೇ ಬರ್ತೇನೆ. ಅಲ್ಲಿವರೆಗೆ ನಿಮ್ಮ ಲೆಕ್ಕವನ್ನೇ ಓರೆ ಮಾಡಿ ಮಾರಾಯ್ತಿ!"

ಐಸಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. ನನಗೆ ಸಿಟ್ಟೂ ಬಂತು, ನಗುವೂ ಬಂತು.

ಓರೆಯನ್ನೇ ಮಾಡಿದೆ. ಅವರು ಏಣಿ ಹಿಡಿದರು, ನಾನು ಹತ್ತಿ ಅರುವತ್ತನಾಲ್ಕು ದೀಪಗಳ ಕೋನ ಅಳೆದೆ. ಕಂಪ್ಯೂಟರಿಗೆ ಅದನ್ನು ಕೊಟ್ಟ ದಿನ ವೇಣೂರು ತಾಳೆಯಾಯಿತು. ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ನಿಝಾರ್ ಸರ್ ಒಪ್ಪಿದರು. "ಕಾರಣ ಎಂಬಲ್ಲಿ 'ದೀಪ ಕಟ್ಟಿದವನ ತಪ್ಪು' ಅಂತ ಬರೆಯಿರಿ, ಸಹಿ ಹಾಕ್ತೇನೆ."

"ತಪ್ಪಲ್ಲ ಸರ್. ಬರೆಯುವುದಿಲ್ಲ."

ನಾನು ಬರೆದದ್ದು ಇಷ್ಟೇ: ಗುಡ್ಡದ ಮೆಟ್ಟಿಲುಗಳಿಗೆ ಯಾರೂ ದೀಪ ಹಾಕಿಸಲಿಲ್ಲ, ಕುಶಾಲಪ್ಪ ಎಂಬವರು ರಸ್ತೆಯ ದೀಪ ತಿರುಗಿಸಿ ಬೆಳಕು ಕೊಟ್ಟರು.

"ನಾನು ಸಹಿ ಹಾಕದಿದ್ದರೆ?"

"ಆ ಲೈಟುಗಳನ್ನೆಲ್ಲ ಒಂದು ಸಂಜೆ ಆರಿಸಿ ನಿಮ್ಮನ್ನು ಐಸಮ್ಮನ ಮನೆಗೆ ಹತ್ತಿಸ್ತೇನೆ ಸರ್. ಟಾರ್ಚ್ ಇಲ್ಲದೆ."

ಅವರು ಪೆನ್ನು ತೆಗೆದರು.