ಕಿವಿಯಲ್ಲಿ ಉಳಿದ ಹತ್ತಿ

ರಾಯಚೂರಿನಲ್ಲಿ ನನ್ನದೊಂದು ಸಣ್ಣ ಅತ್ತರಿನ ಅಂಗಡಿ. ಹುಟ್ಟಿದ್ದು ಮಾನ್ವಿ ತಾಲ್ಲೂಕಿನ ಮಲ್ಲಟದಲ್ಲಿ, ಕುರಿ ಸಾಕುವ ಮನೆಯಲ್ಲಿ. ನನಗೆ ಕೆಲಸ ಕಲಿಸಿದ ಉಸ್ತಾದರದ್ದು ಒಂದೇ ನಿಯಮ. ಹೊಸದಾಗಿ ಏನು ಬೆರೆಸಿದರೂ ಹತ್ತಿಯ ಉಂಡೆಗೆ ಹಚ್ಚಿ ಕಿವಿಯ ಮಡಿಕೆಯಲ್ಲಿ ಇಟ್ಟುಕೊಳ್ಳಬೇಕು, ಒಂದು ಹಗಲು ಅದರ ಜೊತೆ ತಿರುಗಾಡಬೇಕು. ಸಂಜೆಗೆ ಏನು ಉಳಿಯುತ್ತದೋ ಅದೇ ಅತ್ತರು, ಮಿಕ್ಕಿದ್ದೆಲ್ಲ ಬಡಾಯಿ ಎನ್ನುತ್ತಿದ್ದರು.

ಗುಲಾಬಿ, ಮಲ್ಲಿಗೆ ಮಾರಿ ಮಾರಿ ನನಗೆ ಬೇಸರ ಬಂದಿತ್ತು. ನಮ್ಮ ಕುರಿಹಟ್ಟಿಯ ವಾಸನೆಯನ್ನು ಶೀಶೆಗೆ ಇಳಿಸಬೇಕೆಂಬ ಹುಚ್ಚು ಹತ್ತಿತು. ಲಾವಂಚದ ಬೇರು, ಒಣಹುಲ್ಲು, ಚೂರು ಹೊಗೆ, ಎಲ್ಲ ಸೇರಿಸಿ ನೋಡಿದೆ. ಹಟ್ಟಿಯೇನೋ ಬಂತು, ಅದರೊಳಗೆ ಜೀವ ಇರಲಿಲ್ಲ. ಆಗಷ್ಟೇ ಹುಟ್ಟಿದ ಮರಿಯ ನೆತ್ತಿಯ ವಾಸನೆ ಬೇಕಿತ್ತು. ಅವ್ವನ ಕುರಿಯೊಂದು ನಸುಕಿನಲ್ಲಿ ಚೊಚ್ಚಲ ಮರಿ ಈದಿದೆ ಎಂದು ಅಣ್ಣ ಫೋನ್ ಮಾಡಿದ್ದೇ ತಡ, ಬಸ್ಸು ಹತ್ತಿದೆ.

ಹಟ್ಟಿಯೊಳಗೆ ಕಾಲಿಡುವ ಮೊದಲು ಕೈಗೆ ಎರಡು ಸಲ ಸಾಬೂನು ಹಚ್ಚಿ ತೊಳೆದೆ. ಅಂಥ ಜಾಣ ನಾನು. ಮರಿಯನ್ನು ಎತ್ತಿಕೊಂಡು, ಕೆನ್ನೆಗೆ ಒತ್ತಿಕೊಂಡು, ನೆತ್ತಿಗೆ ಮೂಗಿಟ್ಟು ಬಹಳ ಹೊತ್ತು ಕುಳಿತೆ. ಕೆಳಗಿಳಿಸಿದಾಗ ಅದು ತೂರಾಡುತ್ತ ತಾಯಿಯ ಕೆಚ್ಚಲಿಗೆ ಹೋಯಿತು. ತಾಯಿ ಮೂಸಿತು. ಮತ್ತೊಮ್ಮೆ ಮೂಸಿತು. ಆಮೇಲೆ ತಲೆಯಿಂದ ಗುದ್ದಿ ಕೆಡವಿತು.

ಮರಿ ಮೂರು ಸಲ ಎದ್ದು ಹೋಯಿತು, ಮೂರು ಸಲವೂ ಗುದ್ದಿಸಿಕೊಂಡು ಬಿತ್ತು. ತಾಯಿ ಒಲ್ಲೆನೆಂದ ಮರಿ ಉಳಿಯುವುದು ಕಷ್ಟ ಎಂಬುದನ್ನು ಆ ಮನೆಯಲ್ಲಿ ಹುಟ್ಟಿದವನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಸಪ್ಪಳ ಕೇಳಿ ಅವ್ವ ಬಂದಳು.

"ಏನ್ ಮಾಡಿದ್ಯೋ ಯಪ್ಪಾ?"

"ಕೈ ತೊಳಕೊಂಡೇ ಮುಟ್ಟೀನಿ ಯವ್ವಾ."

"ಮತ್ತ ಆ ಕಿವ್ಯಾಗ ಏನದ?"

ಮುಟ್ಟಿ ನೋಡಿಕೊಂಡೆ. ನಿನ್ನೆಯ ಹತ್ತಿ. ಮೂಗು ನಂಬಿ ಹೊಟ್ಟೆ ಹೊರೆಯುವ ನನಗೆ ನನ್ನ ಮೈಯ ವಾಸನೆಯೇ ತಿಳಿದಿರಲಿಲ್ಲ.

"ಬೇಲಿ ಹೊರಗ ಹೋಗು. ನಿನ್ನ ಗಾಳಿ ಸೋಕಬಾರ್ದು ಅದಕ್ಕ" ಎಂದಳು.

ಹತ್ತಿಯನ್ನು ತಿಪ್ಪೆಗೆ ಎಸೆದು ದೂರ ಹೋಗಿ ನಿಂತೆ. ಅವ್ವ ಒದ್ದೆ ಬಟ್ಟೆಯಿಂದ ಮರಿಯನ್ನು ಒರೆಸಿದಳು. ಕುರಿಯ ಗಿಣ್ಣದ ಹಾಲನ್ನು ಬೊಗಸೆಗೆ ಹಿಂಡಿ ಮರಿಯ ನೆತ್ತಿಗೆ, ಬೆನ್ನಿಗೆ, ಬಾಲಕ್ಕೆ ಸವರಿದಳು, ಕುರಿಯ ಮೂಗಿಗೂ ಹಚ್ಚಿದಳು. ಕುರಿ ಮತ್ತೆ ಗುದ್ದಿತು. ಅವ್ವ ಮತ್ತೆ ಸವರಿದಳು. ಮರಿಯ ಕೂಗು ಸಣ್ಣದಾಗುತ್ತ ಬಂತು. ಸತ್ತರೆ ಕೊಂದವನು ನಾನೇ ಎಂದುಕೊಂಡು ಬೇಲಿಯ ಜಾಲಿಮುಳ್ಳು ಹಿಡಿದು ನಿಂತಿದ್ದೆ, ಮುಳ್ಳು ಚುಚ್ಚಿದ್ದು ಆಮೇಲೆ ಗೊತ್ತಾಯಿತು.

ಬಿಸಿಲು ನೆತ್ತಿಗೆ ಬಂದಾಗ ಕುರಿ ಮರಿಯ ಬಾಲವನ್ನು ಮೂಸಿ, ನೆಕ್ಕಿ, ಸುಮ್ಮನೆ ನಿಂತಿತು. ಮರಿ ಕೆಚ್ಚಲಿಗೆ ಬಾಯಿ ಹಾಕಿತು. ಆಗ ನಾನು ಅಂಗೈಯ ಮುಳ್ಳು ಕೀಳಲು ಕುಳಿತೆ.

ಊಟಕ್ಕೆ ಕರೆದಾಗ ಹೊಸ್ತಿಲ ಹೊರಗೇ ನಿಂತೆ. ಹದಿನೈದು ವರ್ಷದಿಂದ ಈ ಮೈಗೆ ಏನೇನೋ ಹಚ್ಚಿಕೊಂಡಿದ್ದೇನೆ. ಅವ್ವ ಹತ್ತಿರ ಬಂದು ನನ್ನ ಕೈಯೆತ್ತಿ ಮೂಸಿದಳು. ಆಮೇಲೆ ಕತ್ತಿನ ಬಳಿ ಮೂಸಿದಳು. ಬೆಳಗಿನಿಂದ ಪಟ್ಟ ಹೆದರಿಕೆಯೆಲ್ಲ ಇದರ ಮುಂದೆ ಏನೂ ಅಲ್ಲ ಅನ್ನಿಸಿತು.

"ಅತ್ತರಿನ ಕೆಳಗ ಎಲ್ಲೋ ಅದೀ ನೀನು" ಎಂದಳು ಅವ್ವ. "ಕುಂದ್ರು, ರೊಟ್ಟಿ ಆರಾಕತ್ತಾವ."