ಬಗ್ಗಣ್ಣನ ಗಿಟಾರಿನ ಕಂಠ

ಬಗ್ಗಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ, ಆದರೆ ಆ ಹೆಸರಿನಿಂದ ಕರೆದವರು ಕಡಿಮೆ. ಗಿಟಾರ್ ನುಡಿಸುವಾಗ ಅವನು ಬಗ್ಗುತ್ತಾನೆ. ಬಗ್ಗುವುದೆಂದರೆ ಅಷ್ಟಿಷ್ಟಲ್ಲ, ಸ್ಟೂಲಿನ ಮೇಲೆ ಕೂತು, ಗಲ್ಲವನ್ನು ಗಿಟಾರಿನ ಮೇಲಂಚಿಗೆ ತಾಗಿಸಿ, ಅದರ ಕಿವಿಯಲ್ಲಿ ಮನೆಯ ಗುಟ್ಟು ಹೇಳುವವನಂತೆ ಬಗ್ಗುತ್ತಾನೆ. ಬೆನ್ನು ಹಾಳಾಗುತ್ತದೆ ಎಂದು ಹೆಂಡತಿ ಹೇಳಿ ಹೇಳಿ ಸುಸ್ತಾಗಿದ್ದಾಳೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ನೋಡಿ.

ಹೊಟ್ಟೆಪಾಡಿಗೆ ಅವನು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಾನೆ. ನೀರು ತೊಟ್ಟಿಕ್ಕುವ ಚಕ್ರ ಬೆಳಗಿನಿಂದ ಸಂಜೆವರೆಗೆ ಗರ್ರೆನ್ನುತ್ತಿರುತ್ತದೆ. ಆ ಸದ್ದಿನಲ್ಲಿ ಪಕ್ಕದಲ್ಲಿ ಸಿಡಿಲು ಬಡಿದರೂ ಗೊತ್ತಾಗುವುದಿಲ್ಲ. ಗಿರಾಕಿಗಳು ಹೆಚ್ಚಾದಾಗ ಮಾತ್ರ ಅವನನ್ನು ಮುಂದಕ್ಕೆ ಕರೆಯುತ್ತಾರೆ. ಆಗ ಅವನು ಕೈ ಒರೆಸಿಕೊಂಡು ಬಂದು, ಒಬ್ಬೊಬ್ಬರ ಕಣ್ಣಿಗೆ ಗಾಜು ಬದಲಿಸುತ್ತಾ, ಇದರಲ್ಲಿ ಚೆನ್ನಾಗಿ ಕಾಣುತ್ತದೆಯೋ ಅದರಲ್ಲೋ ಎಂದು ಕೇಳಬೇಕು. ಎರಡೂ ಒಂದೇ ಥರ ಇದೆ, ಇನ್ನೊಮ್ಮೆ ಹಾಕಿ ಅನ್ನುವವರನ್ನು ಕಂಡರೆ ಅವನಿಗೆ ಒಳಗೊಳಗೇ ಸಿಡಿಮಿಡಿ. ಕಣ್ಣು ಇವರದ್ದೇ, ಕಾಣುವುದು ಇವರಿಗೇ, ಹೇಳಲು ಏನು ಧಾಡಿ ಎಂದು ಮನೆಗೆ ಬಂದು ಗೊಣಗುತ್ತಿದ್ದ.

ಅವನು ಹಾಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಚಿಕ್ಕಂದಿನಲ್ಲಿ ಶಾಲೆಯ ಕಾರ್ಯಕ್ರಮವೊಂದರಲ್ಲಿ ಅಕ್ಕನ ಪಕ್ಕ ನಿಂತು ಹಾಡಬೇಕಾಗಿತ್ತು. ಅಕ್ಕನದು ಆಗಲೇ ಊರೇ ಮೆಚ್ಚಿದ ದನಿ. ಪರದೆ ಏಳುವ ಮುಂಚೆ ಅವಳು ಅವನ ಕಾಲರ್ ಸರಿಮಾಡುತ್ತಾ, "ನೀನು ಬಾಯಿ ಮಾತ್ರ ಆಡಿಸು ಕಣೋ, ದನಿ ಬಿಡ್ಬೇಡ," ಅಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅವನ ಮರ್ಯಾದೆ ಉಳಿಸಲೆಂದೇ ಹೇಳಿದ್ದು. ಅವನು ಬಾಯಿ ಆಡಿಸಿದ. ಅವತ್ತು ಬಾಯಿಗೆ ಬಿದ್ದ ಬೀಗ ಮತ್ತೆ ತೆಗೆಯಲಿಲ್ಲ. ಸ್ನಾನದ ಮನೆಯಲ್ಲೂ ಹಾಡಲಿಲ್ಲ, ಮಗಳನ್ನು ಮಲಗಿಸುವಾಗಲೂ ಹಾಡಲಿಲ್ಲ. ಗಿಟಾರನ್ನೇ ಸ್ಪೀಕರ್ ಪೆಟ್ಟಿಗೆಗೆ ಜೋಡಿಸಿ, ಸಣ್ಣ ದನಿಯಲ್ಲಿ ನುಡಿಸಿ ಅವಳನ್ನು ಮಲಗಿಸುತ್ತಿದ್ದ. ಅಕ್ಕನಿಗೆ ತಾನು ಹಾಗಂದದ್ದು ಎಂದೋ ಮರೆತುಹೋಗಿತ್ತು. ಮುಂದೆ ಅವಳು ವಾದ್ಯತಂಡ ಕಟ್ಟಿ ಊರೂರು ಹಾಡಿದಳು, ತಮ್ಮ ಅವಳ ಹಿಂದೆ ಸ್ಟೂಲು ಹಾಕಿಕೊಂಡು ಬಗ್ಗಿ ಕೂತ.

ಆ ಗಿಟಾರಿನದೂ ಒಂದು ಕಥೆಯಿದೆ. ಕೊಂಡ ಹೊಸದರಲ್ಲಿ ಅದು ಎಲ್ಲ ಗಿಟಾರುಗಳಂತೆ ಟಿಂಗು ಟಿಂಗು ಅನ್ನುತ್ತಿತ್ತು, ಅಷ್ಟೇ. ಒಂದು ಬೇಸಿಗೆಯಲ್ಲಿ ಬಗ್ಗಣ್ಣ ಅದನ್ನು ತಂಡದ ವ್ಯಾನಿನಲ್ಲೇ ಮರೆತು ಊಟಕ್ಕೆ ಹೋದ. ಗಾಜು ಮುಚ್ಚಿದ ವ್ಯಾನು, ನೆತ್ತಿಯ ಮೇಲೆ ಬಿಸಿಲು. ಬಂದು ನೋಡಿದರೆ ಗಿಟಾರು ಮುಟ್ಟಲಾರದಷ್ಟು ಕಾದಿತ್ತು. ಹಾಳಾಯಿತು ಅಂದುಕೊಂಡು ಸಂಜೆ ನುಡಿಸಿದ. ಹಾಳಾಗಿರಲಿಲ್ಲ, ಹಾಡಿತು. ತಂತಿಯ ದನಿಯ ಹಿಂದೆ ಇನ್ನೊಂದು ದನಿ, ಯಾರೋ ದೂರದಲ್ಲಿ ನಿಂತು ಎದೆಯಿಂದ ಗುನುಗಿದ ಹಾಗೆ. ಬಿಸಿಲು ಕುಡಿದು ಗಿಟಾರಿಗೆ ಕಂಠ ಒಡೆಯಿತು ಎಂದು ತಂಡದವರೆಲ್ಲ ಬೆರಗಾದರು. ಅಂದಿನಿಂದ ಜನ ಕಾರ್ಯಕ್ರಮ ಮುಗಿದ ಮೇಲೆ ಅಕ್ಕನನ್ನು ಹೊಗಳಿ, ಆಮೇಲೆ ಗಿಟಾರನ್ನು ನೋಡಲು ಬರುತ್ತಿದ್ದರು. ಒಬ್ಬ ಮುದುಕಿ ಅದರ ಮರವನ್ನು ಸವರಿ ಕಣ್ಣೊರೆಸಿಕೊಂಡು ಹೋಗಿದ್ದಳು. ಬಗ್ಗಣ್ಣ ಪಕ್ಕಕ್ಕೆ ಸರಿದು ನಿಂತು ದಾರಿ ಬಿಡುತ್ತಿದ್ದ. ತಾನು ಅದನ್ನು ಹೊರುವವನು ಮಾತ್ರ ಎಂಬ ವಿಷಯದಲ್ಲಿ ಅವನಿಗೆ ಅನುಮಾನವಿರಲಿಲ್ಲ, ಬೇಸರವೂ ಇರಲಿಲ್ಲ.

ಕಂಠದ ಜೊತೆಗೇ ಒಂದು ಕಾಯಿಲೆಯೂ ಬಂದಿತ್ತು. ದನಿ ಏರಿಸಿದರೆ ಗಿಟಾರು ಕೀ ಎಂದು ಕಿರುಚುತ್ತಿತ್ತು. ಹಳೆಯ ಸಣ್ಣ ಸ್ಪೀಕರುಗಳಿದ್ದಾಗ ಹೇಗೋ ಸುಧಾರಿಸಿಕೊಂಡು ಹೋಯಿತು. ಈ ವರ್ಷ ಅಕ್ಕ ಆಳೆತ್ತರದ ಹೊಸ ಸ್ಪೀಕರುಗಳನ್ನು ತರಿಸಿದ್ದೇ ತಡ, ಕಿರುಚಾಟ ಸಭೆಯವರು ಕಿವಿ ಮುಚ್ಚಿಕೊಳ್ಳುವಷ್ಟಾಯಿತು. ಅಕ್ಕ ಎರಡು ಸಲ ಸಹಿಸಿದಳು. ಮೂರನೆಯ ಸಲ, ಮುಂದಿನ ಕಾರ್ಯಕ್ರಮದೊಳಗೆ ಇದನ್ನು ಸರಿಮಾಡಿಸು, ಇಲ್ಲದಿದ್ದರೆ ಗಿಟಾರಿಗೆ ಬೇರೆಯವರನ್ನು ನೋಡುತ್ತೇನೆ ಅಂದಳು. ಅವಳು ಹೇಳಿದರೆ ಮುಗಿಯಿತು. ಹಾಗೆಂದು ಸರಿಮಾಡಿಸಲು ಹೋಗಿ ಕಂಠವೇ ಹೋದರೆ? ಅತ್ತ ದರಿ, ಇತ್ತ ಪುಲಿ.

ಪಿಕಪ್ ಬದಲಿಸಬೇಕಂತೆ ಎಂದು ಅವನು ಮನೆಯಲ್ಲಿ ಹೇಳಿದಾಗ ಹೆಂಡತಿ, ಗಿಟಾರು ಸಾಗಿಸಲು ಗಾಡಿ ಯಾಕೆ ಎಂದು ಕೇಳಿದಳು. ಅವನು ತಂತಿಗಳ ಕೆಳಗಿನ ಕಪ್ಪು ಪಟ್ಟಿಯನ್ನು ತೋರಿಸಿದ. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ಎಳೆ ಸಾವಿರಾರು ಸುತ್ತು. ಮೇಲಿನ ಉಕ್ಕಿನ ತಂತಿ ನಡುಗಿದರೆ ಅಯಸ್ಕಾಂತಕ್ಕೆ ಗೊತ್ತಾಗುತ್ತದೆ, ಅದು ಎಳೆಗೆ ಹೇಳುತ್ತದೆ, ಎಳೆ ಪೆಟ್ಟಿಗೆಗೆ ಹೇಳುತ್ತದೆ. ಕಂಠ ಇರುವುದು ಇದರಲ್ಲೇ ಅಂದ. ಅವಳು ಸ್ವಲ್ಪ ಹೊತ್ತು ಆ ಪಟ್ಟಿಯನ್ನೇ ನೋಡಿ, "ಹಾಗಾದ್ರೆ ಹುಷಾರಾಗಿ ಆರಿಸ್ಕೊಂಡು ಬನ್ನಿ. ನಂಗೆ ಆ ದನಿ ಇಲ್ದೆ ಮನೆ ಮನೆ ಅನ್ಸಲ್ಲ," ಅಂದಳು.

ಅವನು ಹೋದದ್ದು ವೈಂಡಿಂಗಮ್ಮನ ಹತ್ತಿರ. ಸುಟ್ಟುಹೋದ ಫ್ಯಾನು, ಮಿಕ್ಸಿ, ನೀರಿನ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವ ಅರವತ್ತರ ಹೆಂಗಸು. ಗಂಡನಿಂದ ಕಲಿತ ಕೆಲಸ, ಈಗ ಗಂಡನಿಲ್ಲ. ಗಿಟಾರಿನ ಪಿಕಪ್ಪನ್ನೂ ಅವಳು ಅದೇ ಮೇಜಿನ ಮೇಲೆ ಸುತ್ತುತ್ತಾಳೆ. ಅಂಗಡಿಯೆಂದರೆ ಉದ್ದನೆಯ ಒಂದೇ ಕೋಣೆ. ಬಾಗಿಲ ಬಳಿ ರಿಪೇರಿಯಾದ ಮೋಟಾರೊಂದು ಪರೀಕ್ಷೆಗೆಂದು ಸದಾ ತಿರುಗುತ್ತಾ ಗುಂಯ್‌ಗುಡುತ್ತಿರುತ್ತದೆ, ಗಿಟಾರು ಕೇಳಿಸುವ ಪೆಟ್ಟಿಗೆ ಆ ತುದಿಯ ಮೂಲೆಯಲ್ಲಿ.

ಅವಳು ತಾನು ಸುತ್ತಿದ ಮೂರು ಪಿಕಪ್ ತೆಗೆದಿಟ್ಟು, ಒಂದೊಂದನ್ನೇ ಗಿಟಾರಿಗೆ ಬೆಸೆದು ಕೊಟ್ಟಳು. ಮೊದಲನೆಯದು ತೆಳ್ಳಗೆ, ಹೊಳಪಾಗಿ, ಸ್ಟೀಲ್ ಲೋಟಕ್ಕೆ ಚಮಚ ತಾಗಿದಂತೆ ನುಡಿಯಿತು. ಎರಡನೆಯದರ ಅಯಸ್ಕಾಂತ ಜೋರು, ಬೆರಳು ತಾಗಿಸಿದರೆ ಸಾಕು, ಕೋಣೆ ತುಂಬಿತು. ಮೂರನೆಯದರಲ್ಲಿ ಅಕ್ಕಪಕ್ಕ ಎರಡು ಸುರುಳಿ. ಕರೆಂಟಿನ ಗೊರಗೊರ ಎಲ್ಲ ಅಳಿಸಿಹೋಗಿ, ತುಪ್ಪ ಸವರಿದ ಹಾಗೆ ಮೃದುವಾದ ದನಿ. ಮೂರೂ ಚೆಂದವೇ, ಒಂದೂ ಕಿರುಚಲಿಲ್ಲ. ಬಗ್ಗಣ್ಣ ಮಾತ್ರ ಇನ್ನೊಮ್ಮೆ ಮೊದಲನೆಯದು ಹಾಕಿ ಅಂದ. ಆಮೇಲೆ ಮೂರನೆಯದು. ಆಮೇಲೆ ಮತ್ತೆ ಎರಡನೆಯದು. ಯಾವುದನ್ನು ಹಾಕಿದರೂ ಅವನು ಗಲ್ಲ ಊರಿ, ಕಣ್ಣು ಮುಚ್ಚಿ, ಆ ಇನ್ನೊಂದು ದನಿಗಾಗಿ ಕಾದ. ಅದು ಬರಲೇ ಇಲ್ಲ. ದೀಪ ಹಚ್ಚಿದ ಮನೆಯ ಬಾಗಿಲು ತಟ್ಟಿದರೆ ಒಳಗೆ ಯಾರೂ ಇಲ್ಲದ ಹಾಗಿತ್ತು.

"ಕಿವಿ ನಿಂದು, ಕೇಳ್ಸೋದು ನಿಂಗೆ. ಯಾವ್ದು ಅಂತ ಹೇಳೋಕೆ ಏನಪ್ಪಾ ಕಷ್ಟ?" ಅಂದಳು ವೈಂಡಿಂಗಮ್ಮ.

ಬಗ್ಗಣ್ಣನಿಗೆ ಕನ್ನಡಕದ ಗಿರಾಕಿಗಳೆಲ್ಲ ಒಟ್ಟಿಗೆ ನೆನಪಾದರು. ಮಾಡಿದ್ದುಣ್ಣೋ ಮಹಾರಾಯ ಅಂದುಕೊಂಡು, ಸೋತ ಮೋರೆಯಲ್ಲಿ, ಹಳೆಯದನ್ನೇ ಒಂದು ಸಲ ಹಾಕಿ ಅಮ್ಮಾ, ಅದರ ದನಿ ನೀವೂ ಕೇಳಿ, ಆಮೇಲೆ ಅದರಂಥದ್ದೇ ಒಂದು ಸುತ್ತಿಕೊಡಿ ಎಂದು ಬೇಡಿದ. ಅವಳು ಬೈದುಕೊಳ್ಳುತ್ತಲೇ ಹಳೆಯದನ್ನು ಬೆಸೆದಳು. ಬೆಸೆಯುವಾಗ ತಂತಿಗಳು ಅಲುಗಿ ಗಲಾಟೆ ಮಾಡದಿರಲೆಂದು ಅವುಗಳ ಕೆಳಗೆ ಒಂದು ಬಟ್ಟೆ ತುರುಕುವುದು ಅವಳ ಪದ್ಧತಿ. ಬೆಸುಗೆ ಆರಲಿ, ಮುಟ್ಟಬೇಡ ಎಂದು ಗಿಟಾರನ್ನು ಅವನ ತೊಡೆಯ ಮೇಲಿಟ್ಟು, ಮೋಟಾರು ನಿಲ್ಲಿಸಿ, ಟೀ ತರಲು ಹೋದಳು.

ಖಾಲಿ ಕೈ ಸುಮ್ಮನಿರಬೇಕಲ್ಲ. ಬಗ್ಗಣ್ಣ ಅಭ್ಯಾಸದಂತೆ ಬಗ್ಗಿ, ಗಲ್ಲ ಊರಿ, ಮಗಳನ್ನು ಮಲಗಿಸುತ್ತಿದ್ದ ಧಾಟಿಯ ಮೇಲೆ ಬೆರಳಾಡಿಸಿದ. ಬಟ್ಟೆ ತುರುಕಿದ ತಂತಿಗಳು ಟಪ್ ಟಪ್ ಅಂದವೇ ಹೊರತು ಸ್ವರ ಹೊರಡಿಸಲಿಲ್ಲ. ಆದರೆ ಮೂಲೆಯ ಪೆಟ್ಟಿಗೆ ಹಾಡುತ್ತಿತ್ತು. ಅದೇ ದನಿ, ಅದೇ ಧಾಟಿ, ಎದೆಯಿಂದ ಎದ್ದು ಬರುವ ಅದೇ ಗುನುಗು.

ವೈಂಡಿಂಗಮ್ಮ ಎರಡು ಲೋಟ ಹಿಡಿದು ಬಾಗಿಲಲ್ಲೇ ನಿಂತಳು. "ಬಟ್ಟೆ ತೆಗೆದ್ಯಾ?" ಎಂದು ಕೇಳಿದಳು. ಅವನು ನೋಡಿಕೊಂಡ. ಬಟ್ಟೆ ಇದ್ದಲ್ಲೇ ಇತ್ತು. ದನಿಯೂ ನಿಂತುಹೋಗಿತ್ತು.

ಅವಳು ಲೋಟಗಳನ್ನು ಮೇಜಿನ ಮೇಲಿಟ್ಟು ಹತ್ತಿರ ಬಂದಳು. ಪಿಕಪ್ಪಿನ ಮೇಲೆ ಉಗುರಿನಿಂದ ಕುಟ್ಟಿದಳು, ಪೆಟ್ಟಿಗೆ ಟಕ್ ಟಕ್ ಅಂದಿತು. ಆಮೇಲೆ ಬಗ್ಗಿ, ಬಾಯನ್ನು ತಂತಿಗಳ ಹತ್ತಿರ ತಂದು, "ಟೀ ಆರ್‍ಹೋಗ್ತಿದೆ," ಅಂದಳು. ಆ ತುದಿಯ ಪೆಟ್ಟಿಗೆ ಅವಳದೇ ದನಿಯಲ್ಲಿ, ಟೀ ಆರಿಹೋಗುತ್ತಿದೆ ಅಂದಿತು.

ಇದು ಯಾವಾಗಿನಿಂದ ಹೀಗೆ ಎಂದು ಅವಳು ಕೇಳಿದಾಗ ಬಗ್ಗಣ್ಣ ವ್ಯಾನಿನ ಕಥೆ ಹೇಳಿದ. ಅವಳು ನಿಧಾನವಾಗಿ ಬಿಡಿಸಿ ಹೇಳಿದಳು. ಸುರುಳಿಯ ಎಳೆಗಳು ಅಲುಗದಿರಲೆಂದು ಪಿಕಪ್ಪನ್ನು ಮೇಣದಲ್ಲಿ ಅದ್ದಿರುತ್ತಾರೆ. ಇದರ ಮೇಣ ಆ ವ್ಯಾನಿನ ಬಿಸಿಲಲ್ಲಿ ಕರಗಿ ಹರಿದುಹೋಗಿದೆ. ಎಳೆಗಳು ಸಡಿಲಾಗಿವೆ. ಸಡಿಲಾದ ಎಳೆಗೆ ತಂತಿಯ ನಡುಕವಷ್ಟೇ ಅಲ್ಲ, ಮರದ ನಡುಕವೂ ಕೇಳಿಸುತ್ತದೆ, ಆ ಮರಕ್ಕೆ ಒತ್ತಿದ ಗಲ್ಲದ ನಡುಕವೂ ಕೇಳಿಸುತ್ತದೆ. ಕಿರುಚುವುದು ಅದರಿಂದಲೇ, ಹಾಡುವುದೂ ಅದರಿಂದಲೇ.

"ನುಡಿಸುವಾಗ ನೀನು ಗುನುಗ್ತೀಯಪ್ಪಾ. ನಿಂಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಚಕ್ರದ ಗರ್ರಿನ ಮುಂದೆ ದಿನವಿಡೀ ಗುನುಗಿ ಗುನುಗಿ ಅದು ಉಸಿರಿನಷ್ಟೇ ಅಭ್ಯಾಸವಾಗಿತ್ತು. ಅಲ್ಲಿ ಕೇಳಿಸಿಕೊಳ್ಳಲು ಯಾರಿದ್ದರು, ಅವನಿಗೇ ಕೇಳಿಸುತ್ತಿರಲಿಲ್ಲ. ವೇದಿಕೆಯ ಮೇಲೆ ಸ್ಪೀಕರಿನ ಅಬ್ಬರ, ಮನೆಯಲ್ಲಿ ಪೆಟ್ಟಿಗೆಯ ದನಿ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆ ಕೇಳಿ ಅವನೂ ನಕ್ಕವನೇ. ಈಗ ನಗು ಬರಲಿಲ್ಲ. ಆ ಮುದುಕಿ ಕಣ್ಣೊರೆಸಿಕೊಂಡದ್ದು ಯಾರ ದನಿಗೆ? ಮಗಳು ನಿದ್ದೆಹೋದದ್ದು ಯಾರ ದನಿಗೆ? ಇಷ್ಟು ವರ್ಷ, ಇಷ್ಟು ಸಭೆ, ಅಷ್ಟೂ ಜನರ ಮುಂದೆ ತಾನು ಬಾಯಿ ಮುಚ್ಚಿಕೊಂಡೇ ಹಾಡಿಬಿಟ್ಟಿದ್ದೇನೆ ಎಂದು ತಿಳಿದಾಗ ಅವನಿಗೆ ಮೊದಲು ಹೆದರಿಕೆಯಾಯಿತು. ಆಮೇಲೆ ಮೈ ಜುಮ್ಮೆಂದಿತು. ಆ ಕಪ್ಪು ಪಟ್ಟಿಯನ್ನು, ತನ್ನನ್ನು ಮೊದಲ ಸಲ ಕೇಳಿಸಿಕೊಂಡ ಆ ಬಡಪಾಯಿ ಸುರುಳಿಯನ್ನು, ಅವನು ಬೆರಳಿನಿಂದ ಸವರಿದ. ಪೆಟ್ಟಿಗೆ ಮೆಲ್ಲಗೆ ಸರಸರ ಅಂದಿತು.

ಮತ್ತೆ ಮೇಣದಲ್ಲಿ ಅದ್ದಿದರೆ ಕಿರುಚಾಟ ನಿಲ್ಲುತ್ತದೆ, ಆದರೆ ಅವನ ದನಿಗೂ ಬಾಗಿಲು ಮುಚ್ಚುತ್ತದೆ, ಎರಡರಲ್ಲಿ ಒಂದೇ ಸಾಧ್ಯ ಎಂದು ವೈಂಡಿಂಗಮ್ಮ ಹೇಳಿದಳು. ಅವನು ಟೀ ಕುಡಿದು ಮುಗಿಸಿ ಲೋಟ ಕೆಳಗಿಟ್ಟ.

"ಅದ್ದಿಬಿಡಿ ಅಮ್ಮಾ," ಅಂದ ಕೊನೆಗೆ. "ನನ್ನ ಭಾರ ಎಷ್ಟು ದಿನ ಅಂತ ಅದು ಹೊರುತ್ತೆ?"

ಮೇಣ ಆರಿ ಗಟ್ಟಿಯಾಗಬೇಕು, ಗಿಟಾರು ನಾಳೆ ಸಿಗುತ್ತದೆ ಅಂದಳು. ಬಗ್ಗಣ್ಣ ಬರಿಗೈಯಲ್ಲಿ ಮನೆಗೆ ನಡೆದ. ದಾರಿಯಲ್ಲಿ ಎರಡು ಸಲ ಬಾಯಿ ತೆರೆದ, ಎದುರಿಗೆ ಯಾರೋ ಬಂದರೆಂದು ಎರಡು ಸಲವೂ ಮುಚ್ಚಿಕೊಂಡ.

ಮನೆಯ ಹಿಂದೆ ಹೆಂಡತಿ ನಲ್ಲಿ ಬಿಟ್ಟುಕೊಂಡು ಬಟ್ಟೆ ಒಗೆಯುತ್ತಿದ್ದಳು. ಅವನು ನಡುಮನೆಯಲ್ಲಿ ತನ್ನ ಸ್ಟೂಲಿನ ಮೇಲೆ ಕೂತ. ಬಾಯಿ ಮಾತ್ರ ಆಡಿಸು ಅನ್ನುವ ಪುಟ್ಟ ಅಕ್ಕನ ದನಿ ಇನ್ನೂ ಅಲ್ಲೇ ಎಲ್ಲೋ ನಿಂತಿತ್ತು. ಮೊದಲ ಸ್ವರ ಗಂಟಲಲ್ಲೇ ಬಿರಿಯಿತು. ಅವನು ತೊಡೆಯ ಮೇಲೆ ಗಿಟಾರು ಇದ್ದ ಹಾಗೆಯೇ ಬಗ್ಗಿ, ಕಣ್ಣು ಮುಚ್ಚಿ, ಮತ್ತೆ ಶುರುಮಾಡಿದ. ಈ ಸಲ ಬಂತು.

ಹಿಂದೆ ನಲ್ಲಿ ನಿಂತಿತು. "ಬಂತಲ್ಲ ವಾಪಸ್ಸು! ಯಾವ್ದು ಹಾಕಿಸಿದ್ರಿ ಕೊನೆಗೆ?" ಎಂದು ಕೇಳುತ್ತಾ ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು.

ಅವಳು ಅವನ ತೊಡೆ ನೋಡಿದಳು. ಮೂಲೆಯಲ್ಲಿ ಸ್ವಿಚ್ ಆರಿಸಿಟ್ಟಿದ್ದ ಪೆಟ್ಟಿಗೆ ನೋಡಿದಳು. ಆಮೇಲೆ ಅವನ ಖಾಲಿ ಕೈಗಳನ್ನು ನೋಡಿ, ಇದ್ದಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಅವನಿಗೆ ನಾಚಿಕೆಯಾಗಿ ದನಿ ತಗ್ಗಿತು.

"ನಿಲ್ಲಿಸ್ಬೇಡಿ," ಅಂದಳು ಅವಳು.