ಅಣ್ಣನ ಸೆಟ್ಟಿಂಗ್ ಅಳಿಸಿದ ವೈಫೈ ಅಕ್ಕ

ಅಣ್ಣ ತೀರಿಕೊಂಡ ಸುದ್ದಿ ಬಂದಾಗ ಅವರು ಏಣಿಯ ಮೇಲಿದ್ದರು. ಬೆಳಕು ಆಗಷ್ಟೇ ಹರಿದಿತ್ತು. ಔಷಧಿ ಗೋದಾಮಿನ ಚಾವಣಿಯ ಕೆಳಗೆ ವೈಫೈ ಪೆಟ್ಟಿಗೆಯೊಂದನ್ನು ಬಿಗಿಯುತ್ತಿದ್ದರು. ಒಮ್ಮೆ ಇಳಿದು ಬನ್ನಿ ಎಂದು ಸೂಪರ್‌ವೈಸರ್ ಕರೆದಾಗ, ಇನ್ನೊಂದು ತಿರುಪು ಉಳಿದಿದೆ ಎಂದು ಹೇಳಿ ಅದನ್ನು ಮುಗಿಸಿಯೇ ಇಳಿದರು. ಫೋನಿನಲ್ಲಿ ಅತ್ತಿಗೆ ಇದ್ದರು. ರಾತ್ರಿ ಉಂಡು ಮಲಗಿದ ಅಣ್ಣ ಬೆಳಿಗ್ಗೆ ಏಳಲೇ ಇಲ್ಲ.

ಗೋದಾಮಿನವರು ಅವರನ್ನು ಕರೆಯುವುದು ‘ವೈಫೈ ಅಕ್ಕ’ ಎಂದು. ಕಚೇರಿ, ಗೋದಾಮುಗಳಲ್ಲಿ ವೈಫೈ ಪೆಟ್ಟಿಗೆಗಳನ್ನು ಎಲ್ಲೆಲ್ಲಿ ಕೂರಿಸಬೇಕೆಂದು ಗೊತ್ತುಮಾಡಿ, ಒಂದೊಂದಕ್ಕೂ ಹೆಸರು, ಅಲೆ ಸಾಗುವ ಚಾನೆಲ್, ಸಿಗ್ನಲ್‌ನ ಶಕ್ತಿ ನಿಗದಿ ಮಾಡುವುದು ಅವರ ಕಸುಬು. ಈ ಗೋದಾಮಿನಲ್ಲಿ ಅಂಥವು ಇಪ್ಪತ್ತೆರಡಿವೆ. ಗಂಡ ಮನೆ ಬಿಟ್ಟುಹೋದ ವರ್ಷ, ಮಗಳನ್ನು ಅಮ್ಮನ ಮಡಿಲಿಗೆ ಹಾಕಿ ಅಣ್ಣನ ಹಿಂದೆ ಈ ಕೆಲಸಕ್ಕೆ ಬಂದವರು ಅವರು. ಅಣ್ಣ ಲ್ಯಾಪ್‌ಟಾಪ್ ಹಿಡಿದು ಕೂರುವುದು, ತಂಗಿ ಏಣಿ ಹತ್ತುವುದು. ನಾನು ಹತ್ತಿದರೆ ಏಣಿ ರಾಜೀನಾಮೆ ಕೊಡುತ್ತದೆ ಎಂದು ಅಣ್ಣ ತಮ್ಮ ಹೊಟ್ಟೆ ಸವರಿಕೊಂಡು ನಗುತ್ತಿದ್ದರಂತೆ.

ಕೆಲಸ ಕಲಿಸಿದ್ದೂ ಹಾಗೆಯೇ, ನಗುನಗುತ್ತಾ. “ಅಕ್ಕಪಕ್ಕದ ಪೆಟ್ಟಿಗೆಗೆ ಒಂದೇ ಚಾನೆಲ್ ಕೊಟ್ರೆ ಒಂದೇ ಕೋಣೇಲಿ ಇಬ್ಬರು ಅತ್ತೇರು ಒಟ್ಟಿಗೆ ಮಾತಾಡಿದ ಹಾಗೆ ಕಣೇ ಅಂತಿದ್ದ. ಯಾರ ಮಾತೂ ಕಿವಿಗೆ ಬೀಳಲ್ಲ,” ಎಂದು ಅಕ್ಕ ನೆನೆಯುತ್ತಾರೆ.

ಅಣ್ಣ ಹೋದ ಮೇಲೆ ಕೆಲಸ ಅರ್ಧಕ್ಕೆ ನಿಂತಿತು. ಒಬ್ಬರ ಕೈಲಿ ಆಗುತ್ತದೆಯೇ ಎಂದು ಸೂಪರ್‌ವೈಸರ್ ಅನುಮಾನಪಟ್ಟರು. ಆಗುತ್ತದೆ ಎಂದು ಅಕ್ಕ ಒಪ್ಪಿಕೊಂಡರು. ಈ ಕೆಲಸ ಕೈತಪ್ಪಿದರೆ ಅಣ್ಣನಿಲ್ಲದೆ ತನ್ನನ್ನು ಇನ್ಯಾರೂ ಕರೆಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಅಣ್ಣ ಸೆಟ್ಟಿಂಗ್ ಮಾಡಿ ಮುಗಿಸಿದ್ದು ಬಾಗಿಲ ಬಳಿಯ ಒಂದೇ ಪೆಟ್ಟಿಗೆಯದು. ಅಕ್ಕ ಅದನ್ನೇ, ಚಾನೆಲ್ ಸಮೇತ, ನಕಲು ಮಾಡಿ ಮಿಕ್ಕ ಇಪ್ಪತ್ತೊಂದಕ್ಕೂ ಹಾಕಿಬಿಟ್ಟರು. ಎಲ್ಲದರಲ್ಲೂ ಹಸಿರು ದೀಪ ಹತ್ತಿತು. ಆದರೆ ಮಾಲು ಹೊರುವ ಲೋಡರ್‌ಗಳು ನಡುವಿನ ಸಾಲಿಗೆ ಹೋದರೆ, ಡಬ್ಬಿಯ ಗುರುತು ಓದುವ ಕೈ ಸ್ಕ್ಯಾನರ್ ಸುಮ್ಮನಾಗುತ್ತಿತ್ತು. ಅದನ್ನು ತಲೆಯ ಮೇಲೆ ಎತ್ತಿ ಹಿಡಿದು ಸಿಗ್ನಲ್‌ಗಾಗಿ ಓಡಾಡಿದರು. ಪೆಟ್ಟಿಗೆಗಳೆಲ್ಲ ಮದುವೆಮನೆಯ ನೆಂಟರಂತೆ ಕೂತಿವೆ, ಕೆಲಸಕ್ಕೆ ಮಾತ್ರ ಒಂದೂ ಏಳುವುದಿಲ್ಲ ಎಂದು ಪ್ಯಾಕಿಂಗ್ ಹೆಂಗಸರು ಕಿಚಾಯಿಸಿದರು.

“ಸಂಜೆ ತನಕ ನೋಡ್ತೀನಿ ಅಕ್ಕ,” ಎಂದರು ಸೂಪರ್‌ವೈಸರ್. “ಸ್ಕ್ಯಾನ್ ಆಗದೆ ಆಸ್ಪತ್ರೆಗೆ ಹೋಗೋ ಮಾಲು ನಿಂತಿದೆ. ಆಮೇಲೆ ಬೇರೆಯವರನ್ನ ಕರೆಸ್ತೀನಿ, ತಪ್ಪು ತಿಳ್ಕೋಬೇಡಿ.”

ಗೊತ್ತಿಲ್ಲದೆ ಆದ ತಪ್ಪೇ ಎಂದು ಕೇಳಿದರೆ ಅಕ್ಕ ತಲೆ ಅಲ್ಲಾಡಿಸುತ್ತಾರೆ. “ಗೊತ್ತಿದ್ದೇ ಮಾಡಿದ್ದು. ಅಣ್ಣ ಕೊನೇದಾಗಿ ಕೈಯಾರೆ ಮಾಡಿದ್ದು ಅದೊಂದೇ. ಅದನ್ನ ಬಿಟ್ಟು ಬೇರೆ ಹಾಕೋಕೆ ಮನಸ್ಸು ಬರ್ಲಿಲ್ಲ. ಎಲ್ಲಾ ಕಡೆ ಅವನೇ ಇರ್ಲಿ ಅನ್ನಿಸ್ತು.”

ಆ ಮಧ್ಯಾಹ್ನ ಅವರು ಊಟಕ್ಕೆ ಏಳಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ, ಒಂದೊಂದೇ ಪೆಟ್ಟಿಗೆಯಿಂದ ಅಣ್ಣನ ಸೆಟ್ಟಿಂಗ್ ಅಳಿಸಿದರು. ನೆರೆಯದಕ್ಕೆ ತಾಗದಂತೆ ಒಂದಕ್ಕೆ ಒಂದನೇ ಚಾನೆಲ್, ಪಕ್ಕದ್ದಕ್ಕೆ ಆರು, ಅದರಾಚೆಯದಕ್ಕೆ ಹನ್ನೊಂದು. ಒಂದರ ಸಿಗ್ನಲ್ ಇನ್ನೊಂದರ ಮೇಲೆ ಬೀಳದಂತೆ ಶಕ್ತಿಯನ್ನೂ ತಗ್ಗಿಸಿದರು. ಪ್ರತಿ ಸಾಲಿನಲ್ಲೂ ಸ್ಕ್ಯಾನರ್ ಹಿಡಿದು ತಾವೇ ನಡೆದು ನೋಡಿದರು. ಅಣ್ಣ ಮಾಡಿದ್ದ ಬಾಗಿಲ ಬಳಿಯ ಪೆಟ್ಟಿಗೆ ಮಾತ್ರ ಇದ್ದಂತೆಯೇ ಸರಿಯಿತ್ತು; ಅದನ್ನು ಮುಟ್ಟಲಿಲ್ಲ.

ಹೊತ್ತು ಮುಳುಗುವಾಗ ನಡುವಿನ ಸಾಲಿನ ಮಾಲೂ ಲಾರಿ ಏರಿತು. ಸೂಪರ್‌ವೈಸರ್ ಹೊಗಳಲಿಲ್ಲ. ಮೇಲಿನ ಮಹಡಿಯಲ್ಲೂ ಪೆಟ್ಟಿಗೆ ಕೂರಿಸಬೇಕು, ಎಂದಿನಿಂದ ಬರುತ್ತೀರಿ ಎಂದಷ್ಟೇ ಕೇಳಿದರು.

ಅಕ್ಕನಿಗೆ ಈಗ ಇರುವ ಆಸೆ ದೊಡ್ಡದೇನಲ್ಲ. ಮೇಲಿನ ಮಹಡಿಯಲ್ಲಿ ಮೊದಲ ದಿನವೇ ಎಲ್ಲಾ ಸರಿಯಾಗಿ ಕೂರಬೇಕು. ಅಷ್ಟು ಹೇಳಿ ಅವರು ಎರಡೂ ಕೈ ಜೋಡಿಸಿ ಕಣ್ಣು ಮುಚ್ಚುತ್ತಾರೆ. “ದೇವರೇ, ನಮ್ಮಣ್ಣ ದುಡಿದು ದಣಿದು ಬಂದಿದ್ದಾನೆ. ನಿನ್ನ ಹತ್ರ ನೆಮ್ಮದಿಯಾಗಿ ಮಲಗಲಿ. ತಂಗಿ ಕೆಲಸ ಕಲಿತಿದ್ದಾಳೆ, ಇನ್ನು ಚಿಂತೆ ಬೇಡ ಅಂತ ಅವನಿಗೆ ಹೇಳಪ್ಪಾ.”